ಬಾರದ ಕ್ಲೇಮಿಗೆ ತೆಗೆದಿಟ್ಟ ಹಣ: ಕೇಂದ್ರ ನೇರ ತೆರಿಗೆ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಸಾಮಾನ್ಯ ವಿಮಾ ಕಂಪನಿಗೆ ಬಂದ ಪ್ರೀಮಿಯಂನ ಲೆಕ್ಕ ಮಾರ್ಚ್ 31ಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಪ್ರತಿಯಾಗಿ ಕೊಡಬೇಕಾದ ಪರಿಹಾರದ ಲೆಕ್ಕ ಎಷ್ಟೋ ವರ್ಷಗಳ ನಂತರ ಮುಗಿಯುತ್ತದೆ. ಆದ್ದರಿಂದ ಲಾಭ ಎಣಿಸುವ ಮೊದಲು ಮೀಸಲು ತೆಗೆದಿಡುವುದು ಈ ವ್ಯವಹಾರಕ್ಕೆ ಅನಿವಾರ್ಯ. ಪಾಲಿಸಿಯ ಉಳಿದ ಅವಧಿಗೆ ಇಡುವ ಮೀಸಲಿನ ಬಗ್ಗೆ ತಕರಾರು ಕಡಿಮೆ, ಏಕೆಂದರೆ 1962ರ ಆದಾಯ ತೆರಿಗೆ ನಿಯಮಗಳ 6ಇ ನಿಯಮವೇ ಅದರ ಮಿತಿಯನ್ನು ಹೇಳಿದೆ. ತಕರಾರು ಇರುವುದು ಘಟನೆ ನಡೆದಿದ್ದರೂ ಕಂಪನಿಗೆ ಇನ್ನೂ ವರದಿಯಾಗದ ಕ್ಲೇಮುಗಳಿಗಾಗಿ ಇಡುವ ಮೀಸಲಿನ ಬಗ್ಗೆ. ಇದನ್ನು ವಿಮಾ ವಲಯದಲ್ಲಿ ಐಬಿಎನ್‌ಆರ್ ಎನ್ನುತ್ತಾರೆ.

2024ರ ಸೆಪ್ಟೆಂಬರ್ 28ರಂದು ಹೊಸೂರು ಬಳಿಯ ಟಾಟಾ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಹೊತ್ತಿಕೊಂಡಂಥ ಬೆಂಕಿ ಎಲ್ಲರಿಗೂ ಕಾಣುತ್ತದೆ, ಅಂಥ ನಷ್ಟಕ್ಕೆ ಸರ್ವೇಯರ್ ಒಂದು ಅಂದಾಜನ್ನಾದರೂ ಕೊಡುತ್ತಾನೆ. ಆದರೆ ಶೂಳಗಿರಿಯ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಮಾರ್ಚ್ ಕೊನೆಯ ವಾರ ಲಾರಿಯೊಂದು ಬೈಕಿಗೆ ಗುದ್ದಿದರೆ, ಗಾಯಾಳುವಿನ ಕಡೆಯವರು ಮೊದಲು ಆಸ್ಪತ್ರೆಗೆ ಅಲೆಯುತ್ತಾರೆ, ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾನೂನು ಅವರಿಗೆ ಆರು ತಿಂಗಳು ಕೊಟ್ಟಿದೆ, ಹೀಗಾಗಿ ಲೆಕ್ಕಪತ್ರ ಮುಗಿಯುವ ದಿನ ವಿಮಾ ಕಚೇರಿಯಲ್ಲಿ ಆ ಅಪಘಾತದ ಒಂದು ಕಾಗದವೂ ಇರುವುದಿಲ್ಲ. ಕಾಗದ ಇಲ್ಲದಿದ್ದರೂ ಹೊಣೆ ಹುಟ್ಟಿಯಾಗಿದೆ. ಹಿಂದಿನ ವರ್ಷಗಳ ಅನುಭವದಿಂದ ಇಂಥ ಕ್ಲೇಮುಗಳ ಒಟ್ಟು ಮೊತ್ತವನ್ನು ಅಂದಾಜಿಸಿ ಕಂಪನಿಯ ನೇಮಿತ ಆಕ್ಚುಯರಿ, ಅಂದರೆ ವಿಮಾ ಗಣಿತಜ್ಞ, ಪ್ರಮಾಣೀಕರಿಸುತ್ತಾನೆ. ತೆರಿಗೆ ಅಧಿಕಾರಿಗಳು ಅದನ್ನು ಅನಿಶ್ಚಿತ ಹೊಣೆಯೆಂದು ಲಾಭಕ್ಕೆ ಮರಳಿ ಸೇರಿಸುತ್ತಾರೆ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹಲವು ಬಾರಿ ಆ ಸೇರ್ಪಡೆಯನ್ನು ತೆಗೆದುಹಾಕಿದೆ, ಆದರೂ ಮುಂದಿನ ವರ್ಷ ಅದೇ ವ್ಯಾಜ್ಯ.

ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಕಂಪನಿಯ ರಜೆ ನಗದೀಕರಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ, ಹೊಣೆ ಆ ವರ್ಷವೇ ಹುಟ್ಟಿದ್ದರೆ ಮೊತ್ತ ಮುಂದೆ ತೀರ್ಮಾನವಾದರೂ ಅದನ್ನು ಕಳೆಯಬಹುದೆಂದು ಹೇಳಿತು. ಸಂಸತ್ತು ಮರುವರ್ಷವೇ ಕಾನೂನು ತಿದ್ದಿ, ರಜೆಯ ಹಣವನ್ನು ಪಾವತಿಸಿದಾಗ ಮಾತ್ರ ಕಳೆಯಬೇಕೆಂದಿತು. ವಿಮಾ ಕ್ಲೇಮುಗಳಿಗೆ ಅಂಥ ಕಟ್ಟನ್ನು ತರಲಿಲ್ಲ. ಸಂಸತ್ತು ಹಾಕದ ಕಟ್ಟನ್ನು ತೆರಿಗೆ ಆದೇಶದ ಮೂಲಕ ಹಾಕುವುದು ಸರಿಯೆನಿಸದು.

ಹಾಗೆಂದು ಇಲಾಖೆಯ ಅನುಮಾನಕ್ಕೆ ಆಧಾರವೇ ಇಲ್ಲವೆಂದಲ್ಲ. ಮೀಸಲನ್ನು ಉಬ್ಬಿಸಿದಷ್ಟೂ ತೆರಿಗೆ ಮುಂದಕ್ಕೆ ಹೋಗುತ್ತದೆ, ಹೆಚ್ಚು ಇಟ್ಟದ್ದು ಕೊನೆಗೆ ಲಾಭಕ್ಕೆ ಬಂದರೂ ನಡುವಿನ ಬಡ್ಡಿ ಕಂಪನಿಗೇ ಉಳಿಯುತ್ತದೆ. ಅಮೆರಿಕ ಇದನ್ನು ಗಮನಿಸಿಯೇ 1986ರ ತೆರಿಗೆ ಸುಧಾರಣಾ ಕಾಯಿದೆಯಲ್ಲಿ, ಪಾವತಿಯಾಗದ ನಷ್ಟವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಕಳೆಯುವ ಪದ್ಧತಿ ತಂದಿತು. ಅಲ್ಲಿ ಮೀಸಲನ್ನು ತಳ್ಳಿಹಾಕಿಲ್ಲ, ಅಳೆದಿದ್ದಾರೆ.

1961ರ ಕಾಯಿದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿರುವ ಈ ಹೊತ್ತಿನಲ್ಲಿ, ಆಕ್ಚುಯರಿ ಪ್ರಮಾಣೀಕರಿಸಿದ ಐಬಿಎನ್‌ಆರ್ ಮೀಸಲನ್ನು ಒಪ್ಪಬೇಕೆಂದು ಮಂಡಳಿ ಸುತ್ತೋಲೆ ಹೊರಡಿಸಬೇಕು. ಜೊತೆಗೆ ಪ್ರತಿ ವರ್ಷದ ಅಂದಾಜು ಎಷ್ಟಿತ್ತು, ನಂತರ ಪಾವತಿಯಾದದ್ದೆಷ್ಟು ಎಂಬ ಪಟ್ಟಿಯನ್ನು ಕಂಪನಿಗಳು ತೆರಿಗೆ ರಿಟರ್ನ್ ಜೊತೆ ಕಡ್ಡಾಯವಾಗಿ ಸಲ್ಲಿಸಬೇಕೆಂದು ಅದೇ ಸುತ್ತೋಲೆಯಲ್ಲಿ ವಿಧಿಸಬೇಕು.

ಇತಿ,
ಹೊಸೂರು–ಕೃಷ್ಣಗಿರಿ ಭಾಗದ ಕನ್ನಡಿಗ ಪಾಲಿಸಿದಾರರ ಪರವಾಗಿ