ನಾಯಕತ್ವವೂ ಸೋಲಿನ ಅಭ್ಯಾಸವೂ

ತರುಣರನ್ನು ಒಂದೆಡೆ ನೆರೆಸಿ, ಎರಡು ಮೂರು ದಿನ ಉಪನ್ಯಾಸಗಳನ್ನು ಕೇಳಿಸಿ, ಕಡೆಗೆ ಪ್ರಶಸ್ತಿಪತ್ರವೊಂದನ್ನು ಕೈಗಿತ್ತು ಕಳುಹಿಸಿದರೆ ನಾಯಕರು ಸಿದ್ಧರಾಗುವರೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಬಿಬಿವೈಒ ಎಂಬ ಯೆಹೂದ್ಯ ತರುಣರ ಸಂಸ್ಥೆ ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಡೆಸುವ ಅಂತರರಾಷ್ಟ್ರೀಯ ಅಧಿವೇಶನದಲ್ಲಿಯೂ ಭಾಷಣ, ಸಂಗೀತ, ಸಂಭ್ರಮಗಳಿಗೆ ಕೊರತೆಯಿಲ್ಲ. ಆದರೆ ಆ ಸಮ್ಮೇಳನಕ್ಕೆ ಹೋಗಿಬರುವ ಹದಿನಾರರ ಹರೆಯದವರಿಗೆ ಅಲ್ಲಿ ದೊರೆಯುವ ನಿಜವಾದ ಶಿಕ್ಷಣವು ಚುನಾವಣೆಯದು. ಅದರಲ್ಲಿಯೂ ಗೆದ್ದವರಿಗೆ ದೊರೆತುದಕ್ಕಿಂತ ಸೋತವರಿಗೆ ದೊರೆತುದೇ ಹೆಚ್ಚೆಂದು ನನ್ನ ಮತ.

ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಅಮೆರಿಕದ ವಿದ್ಯಾರ್ಥಿಕೂಟಗಳು ಯೆಹೂದ್ಯ ಹುಡುಗರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1924ರಲ್ಲಿ, ನೆಬ್ರಾಸ್ಕದ ಒಮಾಹಾ ನಗರದಲ್ಲಿ, ಸ್ಯಾಮ್ ಬೆಬರ್ ಎಂಬ ತರುಣ ವಕೀಲನ ಮುಂದಾಳುತನದಲ್ಲಿ, ಹೀಬ್ರೂ ಅಕ್ಷರಗಳನ್ನೇ ಹೆಸರಾಗಿ ಧರಿಸಿ 'ಆಲೆಫ್ ಜಾದಿಕ್ ಆಲೆಫ್' ಎಂಬ ಕೂಟವು ಸಂಘಟಿತವಾಯಿತು. 1843ರಿಂದ ನ್ಯೂಯಾರ್ಕಿನಲ್ಲಿ ಬೇರೂರಿದ್ದ ಬ್ನಾಯ್ ಬ್ರಿತ್ ಎಂಬ ಯೆಹೂದ್ಯ ಸಂಘವು ಮರುವರ್ಷವೇ ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 1944ರಲ್ಲಿ ಹುಡುಗಿಯರ ಕೂಟವೂ ರಾಷ್ಟ್ರಮಟ್ಟದಲ್ಲಿ ರೂಪುಗೊಂಡಿತು. ಈ ಎರಡು ಕೂಟಗಳೂ ಸೇರಿದುದೇ ಬಿಬಿವೈಒ. ಹುಡುಗರ ಶಾಖೆಯ ಅಧ್ಯಕ್ಷನನ್ನು ಗೊದೋಲ್ ಎಂದೂ, ಕಾರ್ಯದರ್ಶಿಯನ್ನು ಮಜ್ಕೀರ್ ಎಂದೂ, ಖಜಾಂಚಿಯನ್ನು ಗಿಜ್ಬೊರ್ ಎಂದೂ ಕರೆಯುವರು. ಇವರೆಲ್ಲರೂ ಪ್ರೌಢಶಾಲೆಯ ಮಕ್ಕಳೇ. ಹಿರಿಯರು ಸಲಹೆಗಾರರಾಗಿ ಪಕ್ಕದಲ್ಲಿರುವರಾದರೂ, ಸಭೆಯನ್ನು ನಡೆಸುವುದು, ವಂತಿಗೆ ಎತ್ತಿ ಲೆಕ್ಕ ಒಪ್ಪಿಸುವುದು, ಗೊತ್ತುವಳಿಗೆ ತಿದ್ದುಪಡಿ ತಂದವನ ಮೇಲೆ ರೇಗದೆ ಮತಕ್ಕೆ ಹಾಕುವುದು, ಇವೆಲ್ಲವೂ ಮಕ್ಕಳ ಪಾಲಿನ ಕೆಲಸ.

ಸಣ್ಣ ಊರೊಂದರ ಶಾಲೆಯಲ್ಲಿ ತಾನೊಬ್ಬಳೇ ಯೆಹೂದ್ಯಳಾಗಿದ್ದು, ಯೋಮ್ ಕಿಪ್ಪುರದ ಉಪವಾಸಕ್ಕೆ ರಜೆ ಕೇಳುವಾಗಲೆಲ್ಲ ಅದೇನೆಂಬುದನ್ನು ವಿವರಿಸಿ ವಿವರಿಸಿ ಬೇಸತ್ತಿರುವ ಹುಡುಗಿಯೊಬ್ಬಳು ಇಂತಹ ಅಧಿವೇಶನಕ್ಕೆ ಬಂದಳೆಂದು ಭಾವಿಸೋಣ. ಶುಕ್ರವಾರ ಸಂಜೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ದೀಪ ಹೊತ್ತಿದ ಮೇಲೆ, ಒಂದು ಕೋಣೆಯಲ್ಲಿ ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಕುಳಿತು ಪ್ರಾರ್ಥಿಸುತ್ತಿರುವರು. ಇನ್ನೊಂದರಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಗಿಟಾರಿನೊಡನೆ ಹಾಡುತ್ತಿರುವರು. ಎಲ್ಲಿಗೆ ಹೋಗಬೇಕೆಂಬುದು ಅವಳ ಇಚ್ಛೆ. ಶನಿವಾರ ಕತ್ತಲಾದೊಡನೆ ಸಬ್ಬತ್ತನ್ನು ಬೀಳ್ಕೊಡುವ ಹವ್ದಾಲಾ ವಿಧಿಯಲ್ಲಿ, ಜಡೆಯಂತೆ ಹೆಣೆದ ಮೇಣದಬತ್ತಿಯನ್ನು ಹಿಡಿದು, ಲವಂಗ ದಾಲ್ಚಿನ್ನಿಗಳ ಪರಿಮಳದ ಡಬ್ಬಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ, ಕಡೆಗೆ ಆ ಜ್ವಾಲೆಯನ್ನು ದ್ರಾಕ್ಷಾರಸದಲ್ಲಿ ಅದ್ದಿ ನಂದಿಸುವಾಗ, ಸುತ್ತಲಿನವರಾರೂ ಅವಳನ್ನು ಏನೆಂದು ಕೇಳುವುದಿಲ್ಲ. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಸಬ್ಬತ್ತಿನ ಬೆಳಿಗ್ಗೆ 11 ಮಂದಿ ಗುಂಡಿಗೆ ಬಲಿಯಾದ ತರುವಾಯ ಬೆಳೆದ ಪೀಳಿಗೆಗೆ ಈ ನಿರಾಳತೆಯು ಅಲ್ಪವಾದುದೆಂದು ಹೇಳುವ ಧೈರ್ಯ ನನಗಿಲ್ಲ.

ಆದರೂ ನಿರಾಳತೆ ಬೇರೆ, ನಾಯಕತ್ವ ಬೇರೆ. ಅದೇ ಹುಡುಗಿ ಒಂದು ಸ್ಥಾನಕ್ಕೆ ಸ್ಪರ್ಧಿಸಿ, ಮಾತನಾಡಿ, ತನ್ನ ವಯಸ್ಸಿನವರ ಮೊನಚು ಪ್ರಶ್ನೆಗಳಿಗೆ ತೊದಲುತ್ತ ಉತ್ತರ ಕೊಟ್ಟು, ಸೋತು, ಮಾರನೆಯ ದಿನವೇ ಗೆದ್ದವಳ ಕೈಕೆಳಗೆ ಕೆಲಸಕ್ಕೆ ನಿಲ್ಲಬೇಕಾದಾಗ ಕಲಿಯುವುದನ್ನು ಯಾವ ಉಪನ್ಯಾಸಕನೂ ಕಲಿಸಲಾರನು. ಇದಕ್ಕೆ ಅವರ ಪರಂಪರೆಯಲ್ಲಿಯೇ ಬಲವಾದ ಆಧಾರವಿದೆ. ಹಿಲ್ಲೇಲ್ ಮತ್ತು ಶಮ್ಮಾಯ್ ಎಂಬ ಪ್ರಾಚೀನ ಧರ್ಮಪಂಡಿತರ ಪಂಥಗಳ ವಾದದಲ್ಲಿ ಹಿಲ್ಲೇಲನ ಕಡೆಯವರ ಮಾತೇ ವಿಧಿಯಾಗಿ ನಿಂತುದಕ್ಕೆ ತಾಲ್ಮೂದ್ ಧರ್ಮಗ್ರಂಥವು ಕೊಡುವ ಕಾರಣಗಳಲ್ಲೊಂದು, ಅವರು ಎದುರಾಳಿಗಳ ಅಭಿಪ್ರಾಯವನ್ನು ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರೆಂಬುದು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಗ್ರಂಥವು, ಒಪ್ಪಿಗೆಯಾಗದ ಒಬ್ಬಂಟಿ ಮತವನ್ನು ಏಕೆ ದಾಖಲಿಸಬೇಕೆಂದು ತಾನೇ ಕೇಳಿ, ಮುಂದಿನ ನ್ಯಾಯಸಭೆಯೊಂದಕ್ಕೆ ಅದು ಆಧಾರವಾದೀತೆಂದು ಉತ್ತರಿಸುತ್ತದೆ.

ಸಂಸ್ಥೆಗಳು ಮೆರೆಸುವುದಾದರೋ ಗೆದ್ದವರನ್ನೇ. ತಾರುಣ್ಯದಲ್ಲಿ ಆಲೆಫ್ ಜಾದಿಕ್ ಆಲೆಫ್ ಕೂಟದ ಅಧ್ಯಕ್ಷನಾಗಿದ್ದ ಫಿಲಿಪ್ ಕ್ಲುಟ್ಜ್‌ನಿಕ್ ಮುಂದೆ ಕಾರ್ಟರ್ ಸರಕಾರದಲ್ಲಿ ವಾಣಿಜ್ಯ ಸಚಿವನಾದುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಸಚಿವರ ಪಟ್ಟಿಯನ್ನು ಮುಂದಿಟ್ಟು ಹದಿಹರೆಯದವರನ್ನು ಹುರಿದುಂಬಿಸುವುದೆಂದರೆ, ಉಳಿದ ನೂರಾರು ಮಂದಿ ಬಂದುದು ವ್ಯರ್ಥವೆಂದು ಸೂಚಿಸಿದಂತೆಯೇ. ಇಸ್ರೇಲಿನ ವಿಷಯದಲ್ಲಿ ಅಮೆರಿಕದ ಯೆಹೂದ್ಯ ತರುಣರಲ್ಲಿಯೇ ತೀವ್ರವಾದ ಭಿನ್ನಾಭಿಪ್ರಾಯವಿರುವ ಈ ದಿನಗಳಲ್ಲಿ, ಆ ಭಿನ್ನತೆಯನ್ನು ಸಭಾಂಗಣದೊಳಕ್ಕೆ ಬಿಟ್ಟುಕೊಳ್ಳಲು ಹಿರಿಯರು ಅಂಜಬಾರದು. ಸೋತ ಮತವನ್ನೂ ನಡವಳಿಯಲ್ಲಿ ಬರೆದಿಡುವ ಕೆಲಸ ಹೇಗೂ ಮಜ್ಕೀರನದೇ ಆಗಿದೆ.

ಇನ್ನೊಂದು ಆಕ್ಷೇಪಣೆಯಿದೆ, ಅದು ಹಣದ್ದು. ವಿಮಾನದ ಟಿಕೆಟ್ಟು, ಹೋಟೆಲು, ಪ್ರವೇಶಶುಲ್ಕ ಇವೆಲ್ಲ ಸೇರಿದರೆ ಸಾಧಾರಣ ಸಂಸಾರಕ್ಕೆ ಭಾರವೇ. ಸಹಾಯಧನ ಉಂಟಾದರೂ, ಅದನ್ನು ಕೇಳಿ ಬರೆಯುವ ಸಂಕೋಚವನ್ನು ಹದಿನಾರರ ಹರೆಯದ ಮಕ್ಕಳು ಸುಲಭವಾಗಿ ಮೀರಲಾರರು. ಅಧಿವೇಶನಕ್ಕೆ ಬರಲಾರದವರ ಖರ್ಚನ್ನು ಯಾರೂ ಬಾಯಿಬಿಟ್ಟು ಕೇಳುವ ಮುನ್ನವೇ ಪ್ರತಿಯೊಂದು ಶಾಖೆಯೂ ತನ್ನ ವಾರ್ಷಿಕ ಲೆಕ್ಕದಲ್ಲಿ ತೆಗೆದಿಡಬೇಕು. ಗಿಜ್ಬೊರ್ ಸ್ಥಾನಕ್ಕೆ ನಿಂತವರನ್ನು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ.