ಬಂಜಿ ಅನ್ನೂಕಿಂತ ಮೊದಲ ದಿನಾ ಎಣಿಸ್ರಿ

"ಮದಿವಿ ಆಗಿ ಮೂರ ವರ್ಷ ಆಯ್ತು, ಇನ್ನಾ ಏನೂ ಇಲ್ಲೇನು?" ನಾಲವಾರದಾಗ ನಮ್ಮ ಕಟ್ಟಿಗಿ ಕುಂತವರು ನನ್ನ ಸಣ್ಣ ನೆಗೆಣ್ಣಿಗಿ ಕೇಳೂ ಮಾತು ಇದು. ವರ್ಷ ಎಣಿಸಿದವರು ಗಂಡ ಹೆಂಡತಿ ಕೂಡಿ ಇದ್ದ ದಿನಾ ಎಣಿಸಿಲ್ಲ ನೋಡ್ರಿ.

ಮೈದುನ ಮುಂಬೈದಾಗ ದುಡೀತಾನ. ದೀಪಾವಳಿಗಿ, ಜಾತ್ರಿಗಿ ಬಂದು ನಾಕ ದಿನಾ ಇದ್ದು ಮತ್ತ ರೈಲ ಹತ್ತತಾನ. ಒಮ್ಮಿ ಬಂದಾಗ ಅಕಿ ಹೊರಗಾಗಿದ್ದಳು. ಮತ್ತೊಮ್ಮಿ ಹೊರಗಾಗೂಕ ವಾರ ಉಳಿದಿತ್ತು. ಬಸಿರು ಎಲ್ಲಿಂದ ನಿಲ್ಲಬೇಕು?

ತಿಂಗಳಿಗಿ ಒಂದ ಸಲ ಅಂಡ ಬಿಡುಗಡೆ ಆಗ್ತದ. ಅದರ ಆಯುಷ್ಯ 12ರಿಂದ 24 ತಾಸು. ವೀರ್ಯಾಣು ಒಳಗ 5 ದಿನದ ತನಕ ಬದುಕಬಹುದು. ಹಿಂಗಾಗಿ ಬಸಿರು ನಿಲ್ಲೂ ದಿನಾ ಸುಮಾರು ಆರೇ. ಎಲ್ಲಾರಿಗೂ 14ನೇ ದಿನ ಅನ್ನೋದು ಸುಳ್ಳು. ಅಂಡ ಬಿಡೋದು ಮುಂದಿನ ಮುಟ್ಟಿಗಿ ಸುಮಾರು ಎರಡ ವಾರ ಮೊದಲ. 35 ದಿನಕ್ಕೊಮ್ಮಿ ಮುಟ್ಟಾಗುವಾಕಿಗಿ ಅದು 21ನೇ ದಿನದ ಸುಮಾರಿಗಿ ಬರ್ತದ.

ಮೈ ತಾನೇ ಸುಳುಹು ಕೊಡ್ತದ. ಆ ದಿನಗಳಲ್ಲಿ ತತ್ತಿ ಲೋಳಿ ಹಂಗ ತಿಳಿಯಾಗಿ, ಜಾರೂವಂಥಾ, ಬೆರಳ ನಡು ಎಳದ್ರ ನೂಲಾಗೂವಂಥಾ ದ್ರವ ಹೋಗ್ತದ. ಕೆಲವರಿಗಿ ಕಿಬ್ಬೊಟ್ಟಿ ಒಂದ ಬದಿ ಚುಳುಕ್ ಅಂತದ. ಮುಂಜಾನಿ ಏಳೂ ಮೊದಲ ನೋಡೂ ಮೈಕಾವು ಸ್ವಲ್ಪ ಏರ್ತದ ಖರೆ, ಆದ್ರ ಅದು ಅಂಡ ಬಿಟ್ಟ ಮ್ಯಾಲ ಏರೋದು. ಅವತ್ತಿನ ತನಕ ಕಾದ್ರ ತಡಾ ಆದಂಗ.

ನಮ್ಮ ನೆಗೆಣ್ಣಿಗಿ ಹಂಗ ಹೋದಾಗ ನಾವೇನ ಮಾಡಿದಿವಿ? "ಬಿಳಿ ಹೋಗ್ಲಿಕತ್ಯಾದ, ಉಷ್ಣ ಆಗ್ಯಾದ" ಅಂತ ಮೆಂತೆ ನೀರು ಕುಡಿಸಿದಿವಿ. ಕುಡಿಸಿದಾಕಿ ನಾನೇ. ಕೆಟ್ಟ ವಾಸನಿ, ತುರಿಕಿ, ಉರಿ ಇದ್ರ ದವಾಖಾನಿಗಿ ಹೋಗಬೇಕು. ಅದ್ಯಾವುದೂ ಇಲ್ಲಂದ್ರ ಅದು ರೋಗ ಅಲ್ಲ, ಹದ. ಹದ ನೋಡದೆ ತೊಗರಿ ಬಿತ್ತಿ, ಹುಟ್ಟಲಿಲ್ಲಂತ ಹೊಲಕ್ಕ ಬೈತೀರೇನು?

1952ರ ಸುಮಾರಿಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದ ಹೆಣ್ಣಮಕ್ಕಳಿಗೆ ದಿನ ಎಣಿಸೋದು ಕಲಿಸಿದ್ರು, ಬಣ್ಣದ ಮಣಿಸರ ಕೊಟ್ಟು. ಯಾತಕ್ಕ? ಮಕ್ಕಳು ಆಗಬಾರದು ಅಂತ! ಬ್ಯಾಡ ಅನ್ನೋರಿಗಿ ಕಲಿಸಿದ ಲೆಕ್ಕ, ಬೇಕು ಅಂತ ಅಳೂವಾಕಿಗಿ ನಮ್ಮ ಮನಿಯಾಗ ಯಾಕ ಹೇಳವಲ್ರಿ?

"ಇಂಥಾ ಮಾತು ಆಡಬಾರದು" ಅಂತೀರಿ. ಬಂಜಿ ಅನ್ನೂ ಮಾತು ಆಡಬಹುದೇನು? ಉಡಿ ತುಂಬೂ ಮನಿಗಿ ಅಕಿನ್ನ ಕರೀದೆ ಬಿಡಬಹುದೇನು?

ಕೋರಿಸಿದ್ಧೇಶ್ವರಗ ಹರಕಿ ಹೊರ್ರಿ, ಬ್ಯಾಡ ಅನ್ನಂಗಿಲ್ಲ. ಕೂಡಿ ಬಾಳಿ ಒಂದ ವರ್ಷ ಆದ್ರೂ ನಿಲ್ಲಲಿಲ್ಲಂದ್ರ ಇಬ್ಬರೂ ದವಾಖಾನಿಗಿ ಹೋಗ್ರಿ. 35 ದಾಟಿದಾಕಿ ಆರ ತಿಂಗಳಿಗೇ ಹೋಗಬೇಕು. ಇಬ್ಬರೂ ಅಂದ್ರ ಗಂಡನೂ. ವೀರ್ಯದ ತಪಾಸಣಿ ಮಾಡಸ್ದೆ ಹೆಂಡತಿ ಮ್ಯಾಲ ತಪ್ಪ ಹೊರಸೂದು ನ್ಯಾಯ ಅಲ್ಲ.

ಮೊನ್ನಿ ಮೈದುನಗ ಫೋನ್ ಹಚ್ಚಿ ಹೇಳೀನಿ: "ಈ ಸಲ ಜಾತ್ರಿ ನೋಡಿ ರಜಾ ಹಾಕಬ್ಯಾಡಪಾ, ನಿನ್ನ ಹೆಂಡತಿಗಿ ಕೇಳಿ ಹಾಕು."