ರೊಟ್ಟಿಯ ಪಾಠ

ಜಪಾನಿಗೆ ಹೋದ ಪ್ರವಾಸಿಗರಲ್ಲಿ ಅನೇಕರು ಈಗ ಸುಶಿಯನ್ನು ತಿಂದು ಬರುವುದಷ್ಟರಲ್ಲಿಯೇ ತೃಪ್ತರಾಗುವುದಿಲ್ಲ. ಹುಳಿರಸ ಬೆರೆಸಿದ ಅನ್ನವನ್ನು ಸ್ವಂತ ಕೈಯಿಂದ ಅದುಮಿ ರೂಪಕ್ಕೆ ತರುವುದನ್ನು ಹಣ ತೆತ್ತು ಕಲಿತು ಬರುತ್ತಾರೆ. ಇದನ್ನು ಮೆಚ್ಚುವ ನಾವು ನಮ್ಮ ಬಳ್ಳಾರಿಯ ಕಡೆಗೊಮ್ಮೆ ನೋಡಬೇಡವೆ?

ಇಲ್ಲಿಗೆ ಬಂದವರು ಕೋಟೆಯನ್ನು ಹತ್ತುತ್ತಾರೆ; ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕೈಮುಗಿಯುತ್ತಾರೆ; ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆಗಳನ್ನು ಕಂಡು ಹಿಗ್ಗುತ್ತಾರೆ; ಜೋಳದ ರೊಟ್ಟಿ ತಿಂದು ಹೊರಡುತ್ತಾರೆ. ಅದನ್ನು ಬಡಿಯುವ ಬಗೆಯನ್ನು ಕೇಳುವವರು ವಿರಳ.

ಕೇಳಿ ಕಲಿಯತಕ್ಕ ವಿದ್ಯೆಯೇ ಅದು. ಗೋದಿಯ ಜಿಗುಟು ಜೋಳಕ್ಕಿಲ್ಲ. ಕುದಿನೀರು ಬಿದ್ದು ಹಿಟ್ಟಿನ ಪಿಷ್ಟ ಅಂಟಾದ ಮೇಲೆಯೇ ಅದು ಒಂದುಗೂಡುವುದು. ನೀರೆಷ್ಟು, ನಾದುವುದೆಷ್ಟು, ಅಂಚು ಸೀಳದಂತೆ ತಿರುಗಿಸುತ್ತ ಬಡಿಯುವುದು ಹೇಗೆ, ಹಂಚಿನ ಮೇಲೆ ನೀರು ಸವರಿ ಮಗುಚುವ ಗಳಿಗೆ ಯಾವುದು—ಇವೆಲ್ಲ ಬಲ್ಲವರ ಮಗ್ಗುಲಲ್ಲಿ ಕುಳಿತು ತಿಳಿಯತಕ್ಕವು.

ಆದುದರಿಂದ ಪ್ರವಾಸವನ್ನು ಗೊತ್ತುಮಾಡುವವರು, ಮುಖ್ಯವಾಗಿ ವಿದ್ಯಾರ್ಥಿಗಳನ್ನು ಕರೆತರುವ ಉಪಾಧ್ಯಾಯರು, ಅರ್ಧ ದಿನವನ್ನು ಇದಕ್ಕೆ ಮೀಸಲಿಡಲಿ. ರೊಟ್ಟಿ ಮಾರುವ ಹೆಣ್ಣುಮಗಳೊಬ್ಬಳನ್ನು ಮುಂಚಿತವಾಗಿ ಕಂಡು, ಆಕೆಯ ವ್ಯಾಪಾರದ ಹೊತ್ತನ್ನು ಬಿಟ್ಟು, ನಾಲ್ಕೈದು ಜನರಂತೆ ಪಾಠಕ್ಕೆ ಕುಳಿತುಕೊಳ್ಳಲಿ. ರೊಟ್ಟಿಯ ಬೆಲೆ ಬೇರೆ, ಪಾಠದ ಬೆಲೆ ಬೇರೆ. ಆಕೆಗೆ ಉಪಾಧ್ಯಾಯರಿಗೆ ಸಲ್ಲುವ ಸಂಭಾವನೆಯೇ ಸಲ್ಲಬೇಕು.

ಈ ಕೆಲಸವನ್ನು ನಾವು ವಿದ್ಯೆಯೆಂದು ಎಣಿಸದುದರಿಂದಲೇ ಅನೇಕ ಮನೆಗಳಲ್ಲಿ ಅದನ್ನು ಕಲಿಯುವವರಿಲ್ಲ. ಪರವೂರಿನ ವಿದ್ಯಾರ್ಥಿಗಳು ತಾಯಿಯ ಮುಂದೆ ಕುಳಿತು ಕಲಿಯುವುದನ್ನು ಕಂಡಾಗ ಆ ಮನೆಯ ಮಗಳೂ ಮಗನೂ ಹಿಟ್ಟಿಗೆ ಕೈ ಹಾಕಿಯಾರು.